ಮಿಣುಕುವ ದೀಪ, ಗೊರಗುಡುವ ರೇಡಿಯೊ: ದೋಷದ ಮೂಲವನ್ನು ಹುಡುಕುವ ಬಗೆ

ಮನೆಯ ದೀಪ ಮಿಣುಕತೊಡಗಿದರೆ ಬಲ್ಬು ಬದಲಾಯಿಸುವುದಕ್ಕೆ ಮೊದಲು ಒಂದನ್ನು ಗಮನಿಸಬೇಕು: ಮಿಣುಕುತ್ತಿರುವುದು ಆ ಒಂದೇ ದೀಪವೇ, ಆ ಕೋಣೆಯ ದೀಪಗಳೆಲ್ಲವೇ, ಇಲ್ಲವೆ ಇಡೀ ಮನೆಯೇ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಹುಡುಕಾಟ ಮುಗಿದಂತೆ. ಒಂದೇ ದೀಪವಾದರೆ ದೋಷ ಬಲ್ಬಿನಲ್ಲಿ, ಹೋಲ್ಡರಿನಲ್ಲಿ ಅಥವಾ ಅದರ ಸ್ವಿಚ್ಚಿನಲ್ಲಿದೆ. ಕೋಣೆಯಿಡೀ ಆದರೆ ಸ್ವಿಚ್ ಬೋರ್ಡಿಗೆ ಬರುವ ವೈರಿನ ಜೋಡಣೆಯಲ್ಲಿದೆ. ಇಡೀ ಮನೆಯಾದರೆ ಮೀಟರ್ ಬೋರ್ಡಿನಲ್ಲಿ, ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರಿನಲ್ಲಿ ಅಥವಾ ಕಂಬದ ಮೇಲಿದೆ.

ಈ ಮೂರನೆಯ ಸ್ಥಿತಿಯನ್ನೇ ಮೊದಲು ಹೇಳಬೇಕು, ಏಕೆಂದರೆ ಅಲ್ಲಿ ಕಾಯುವುದಕ್ಕೆ ಸಮಯವಿಲ್ಲ. ಕೆಲವು ದೀಪಗಳು ಎಂದಿಗಿಂತ ಪ್ರಖರವಾಗಿ ಉರಿಯುತ್ತಿದ್ದು, ಅದೇ ಹೊತ್ತಿಗೆ ಬೇರೆ ಕೆಲವು ಮಂಕಾಗಿದ್ದರೆ, ಫ್ಯಾನು ಒಮ್ಮೆಲೇ ಜೋರಾಗಿ ತಿರುಗತೊಡಗಿದರೆ, ಕರೆಂಟ್ ಮರಳಿ ಹೋಗುವ ನ್ಯೂಟ್ರಲ್ ತಂತಿ ಎಲ್ಲೋ ಕಡಿದಿದೆ ಅಥವಾ ಸಡಿಲವಾಗಿದೆ ಎಂದೇ ತಿಳಿಯಬೇಕು. ನಮ್ಮ ಮನೆಗಳಿಗೆ ಬರುವುದು ಒಂದು ಫೇಸ್ (ಕರೆಂಟ್ ತರುವ ತಂತಿ) ಮತ್ತು ನ್ಯೂಟ್ರಲ್ ನಡುವಿನ 230 ವೋಲ್ಟ್. ಎರಡು ಫೇಸ್‌ಗಳ ನಡುವೆ ಇರುವುದು ಸುಮಾರು 400 ವೋಲ್ಟ್. ನ್ಯೂಟ್ರಲ್ ಕೈಕೊಟ್ಟಾಗ ಈ 400 ವೋಲ್ಟ್ ಬೇರೆ ಬೇರೆ ಫೇಸ್‌ಗಳ ಮೇಲಿರುವ ಉಪಕರಣಗಳ ನಡುವೆ ಹಂಚಿಹೋಗುತ್ತದೆ. ಯಾವ ಫೇಸಿನಲ್ಲಿ ಬಳಕೆ ಕಡಿಮೆಯೋ ಅಲ್ಲಿ ವೋಲ್ಟೇಜ್ ಏರುತ್ತದೆ. ಮನೆಗೆ ಒಂದೇ ಫೇಸ್ ಇದ್ದರೂ ಅಪಾಯ ತಪ್ಪುವುದಿಲ್ಲ, ಏಕೆಂದರೆ ಕಂಬದ ನ್ಯೂಟ್ರಲ್ ಬೀದಿಯ ಎಲ್ಲ ಮನೆಗಳಿಗೂ ಒಂದೇ. ಟಿವಿ, ಸೆಟ್‌ಟಾಪ್ ಬಾಕ್ಸ್, ಫ್ರಿಜ್ ಒಂದೇ ಗಳಿಗೆಯಲ್ಲಿ ಸುಟ್ಟುಹೋಗುವುದು ಹೀಗೆಯೇ. ಫ್ಯೂಸಿನ ಬದಲು ಇರುವ, ತಾನಾಗಿ ಬೀಳುವ ಸ್ವಿಚ್ಚಾದ ಎಂಸಿಬಿ ಇದೆಯಲ್ಲ ಎಂದು ನಂಬಿಕೊಂಡಿರುವಂತಿಲ್ಲ. ಅದು ಮಿತಿಮೀರಿದ ಕರೆಂಟನ್ನು ತಡೆಯುತ್ತದೆಯೇ ಹೊರತು ಏರಿದ ವೋಲ್ಟೇಜನ್ನಲ್ಲ. ಕೂಡಲೇ ಮೇನ್ ಸ್ವಿಚ್ ಆಫ್ ಮಾಡಿ, ಅಕ್ಕಪಕ್ಕದ ಮನೆಯವರಿಗೂ ತಿಳಿಸಿ, ವಿದ್ಯುತ್ ದೂರುಗಳ ಸಹಾಯವಾಣಿ 1912ಕ್ಕೆ ಕರೆ ಮಾಡಬೇಕು. ಲೈನ್‌ಮನ್ ಬಂದು ಸರಿಪಡಿಸಿ, ವೋಲ್ಟೇಜ್ ಅಳೆದು ನೋಡಿದ ಮೇಲಷ್ಟೇ ಮತ್ತೆ ಆನ್ ಮಾಡಬೇಕು.

ಮೋಟರ್ ಅಥವಾ ಗ್ರೈಂಡರ್ ಶುರುವಾದ ಕ್ಷಣ ದೀಪ ಒಂದಿಷ್ಟು ಮಂಕಾಗಿ ಮತ್ತೆ ಸರಿಹೋಗುವುದು ದೋಷವಲ್ಲ. ಮೋಟರ್ ಹೊರಡುವಾಗ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಆದರೆ ಮೋಟರ್ ಓಡುತ್ತಿರುವಷ್ಟು ಹೊತ್ತೂ ಬೆಳಕು ಕುಗ್ಗಿಯೇ ಇದ್ದರೆ, ಅಥವಾ ಬೋರ್ಡ್ ಮುಟ್ಟಿದರೆ ಬಿಸಿಯೆನಿಸಿದರೆ, ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ, ಒಳಗೆ ಸ್ಕ್ರೂ ಸಡಿಲವಾಗಿರುವ ಅಥವಾ ವೈರು ಹೊರೆಗೆ ಸಾಲದಷ್ಟು ತೆಳುವಾಗಿರುವ ಸಂಭವ ಹೆಚ್ಚು. ಇದನ್ನು ಎಲೆಕ್ಟ್ರಿಷಿಯನ್‌ಗೆ ಬಿಡುವುದೇ ಸರಿ.

ಒಂದೇ ದೀಪ ಮಿಣುಕುತ್ತಿದ್ದರೆ ಆ ಬಲ್ಬನ್ನು ಬೇರೆ ಕೋಣೆಯ ಹೋಲ್ಡರಿಗೆ ಹಾಕಿ ನೋಡಬೇಕು. ಅಲ್ಲಿಯೂ ಮಿಣುಕಿದರೆ ಬಲ್ಬೇ ಕೆಟ್ಟಿದೆ. ಅಲ್ಲಿ ಸರಿಯಾಗಿ ಉರಿದರೆ ಹಳೆಯ ಹೋಲ್ಡರನ್ನು ಪರೀಕ್ಷಿಸಬೇಕು. ಮೇನ್ ಆಫ್ ಮಾಡಿ ಟಾರ್ಚ್ ಹಿಡಿದು ನೋಡಿದರೆ ಒಳಗಿನ ಎರಡು ಸ್ಪ್ರಿಂಗ್ ಪಿನ್ನುಗಳು ಕಾಣಿಸುತ್ತವೆ. ಒಂದು ಪಿನ್ನು ಇನ್ನೊಂದಕ್ಕಿಂತ ಒಳಗೆ ಕುಸಿದಿದ್ದರೆ, ತುದಿಯಲ್ಲಿ ಕಪ್ಪು ಕಲೆ ಇದ್ದರೆ, ಕರಾವಳಿಯ ಉಪ್ಪುಗಾಳಿಯಲ್ಲಿ ಆಗುವಂತೆ ಹಸಿರು ಕಿಲುಬು ಹಿಡಿದಿದ್ದರೆ, ಉಜ್ಜಿ ಸರಿಮಾಡುವ ಬದಲು ಹೋಲ್ಡರನ್ನೇ ಬದಲಾಯಿಸುವುದು ಒಳ್ಳೆಯದು. ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ಪದೇ ಪದೇ ಮಿಣುಕುತ್ತಿದ್ದರೆ ಮೊದಲು ಸ್ಟಾರ್ಟರ್ ಬದಲಿಸಬೇಕು. ಟ್ಯೂಬಿನ ಎರಡೂ ತುದಿ ಕಪ್ಪಾಗಿದ್ದರೆ ಟ್ಯೂಬಿನ ಆಯಸ್ಸು ಮುಗಿದಿದೆ.

ಸ್ವಿಚ್ ಆಫ್ ಮಾಡಿದ ಮೇಲೂ ಎಲ್‌ಇಡಿ ಬಲ್ಬು ಮಸುಕಾಗಿ ಹೊಳೆಯುತ್ತದೆ ಅಥವಾ ಕೆಲವು ಸೆಕೆಂಡಿಗೊಮ್ಮೆ ಮಿನುಗುತ್ತದೆ ಎಂಬ ದೂರು ಈಗ ಸಾಮಾನ್ಯವಾಗಿದೆ. ಹಳೆಯ ತಂತಿಯ ಬಲ್ಬನ್ನು ಬೆಳಗಿಸಲು ಸಾಲದಷ್ಟು ಅಲ್ಪ ಕರೆಂಟ್ ಕೂಡ ಎಲ್‌ಇಡಿಗೆ ಸಾಕಾಗುವುದೇ ಇದಕ್ಕೆ ಕಾರಣ. ಆಫ್ ಆದಾಗ ಕೆಂಪಗೆ ಹೊಳೆಯುವ ಇಂಡಿಕೇಟರ್ ಸ್ವಿಚ್ಚಿನಲ್ಲೇ ಇದ್ದರೆ ಅದರ ಮೂಲಕ ಆ ಕರೆಂಟ್ ಹರಿಯುತ್ತದೆ. ಮೆಟ್ಟಿಲ ದೀಪದ ಟೂ-ವೇ ಸ್ವಿಚ್ಚಿನಂತೆ ವೈರುಗಳು ಒಂದೇ ಪೈಪಿನಲ್ಲಿ ಬಹಳ ದೂರ ಜೊತೆಯಾಗಿ ಸಾಗಿದಾಗಲೂ ಹೀಗಾಗುತ್ತದೆ. ಈ ಎರಡರಲ್ಲೂ ಅಪಾಯವಿಲ್ಲ. ಬೇರೆ ಕಂಪನಿಯ ಬಲ್ಬು ಹಾಕಿದರೆ ಹಲವು ಸಲ ಸರಿಹೋಗುತ್ತದೆ. ಮೂರನೆಯ ಕಾರಣ ಮಾತ್ರ ಗಂಭೀರವಾದದ್ದು: ವೈರಿಂಗ್ ಮಾಡುವಾಗ ಫೇಸಿನ ಬದಲು ನ್ಯೂಟ್ರಲ್ಲಿಗೆ ಸ್ವಿಚ್ ಹಾಕಿರುವುದು. ಹಾಗಾಗಿದ್ದರೆ ಸ್ವಿಚ್ ಆಫ್ ಆಗಿದ್ದರೂ ಹೋಲ್ಡರಿನಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ, ಬಲ್ಬು ತೆಗೆಯುವ ಕೈಗೆ ಅದು ತಗಲಬಹುದು. ಆದ್ದರಿಂದಲೇ ಸ್ವಿಚ್ಚನ್ನು ನಂಬದೆ ಮೇನ್ ಆಫ್ ಮಾಡಿಯೇ ಹೋಲ್ಡರಿಗೆ ಕೈಹಾಕಬೇಕು, ಇಂಥ ವೈರಿಂಗನ್ನು ತಡಮಾಡದೆ ತಿದ್ದಿಸಬೇಕು.

ಇನ್ನು ದೀಪಗಳು ಬೇರೆ ಉಪಕರಣಗಳಿಗೆ ಕೊಡುವ ತೊಂದರೆಯ ವಿಚಾರ. ಎಲ್‌ಇಡಿ ಬಲ್ಬಿನ ಬುಡದಲ್ಲಿರುವ ಡ್ರೈವರ್ ಎಂಬ ಪುಟ್ಟ ಸರ್ಕಿಟ್ಟು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಆನ್-ಆಫ್ ಆಗುತ್ತಾ ಕೆಲಸ ಮಾಡುತ್ತದೆ. ಅದರಿಂದ ಹುಟ್ಟುವ ಅಲೆಗಳು ಮೀಡಿಯಂ ವೇವ್ ವ್ಯಾಪ್ತಿಯವರೆಗೂ ಚಾಚಿಕೊಳ್ಳುತ್ತವೆ. ಒಳ್ಳೆಯ ಬಲ್ಬಿನಲ್ಲಿ ಅದನ್ನು ತಡೆಯುವ ಫಿಲ್ಟರ್ ಇರುತ್ತದೆ. ಬೆಲೆ ತಗ್ಗಿಸುವ ತಯಾರಕರು ಮೊದಲು ಕೈಬಿಡುವುದೇ ಆ ಬಿಡಿಭಾಗಗಳನ್ನು. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಅಥವಾ ಧಾರವಾಡದ 765 ಕಿಲೋಹರ್ಟ್ಸ್ ಕೇಳುವವರಿಗೆ ಸಂಜೆ ದೀಪ ಹಚ್ಚಿದೊಡನೆ ಗೊರಗೊರ ಸದ್ದು ಏಳುವುದು ಇದರಿಂದ.

ಮೂಲವನ್ನು ಪತ್ತೆಹಚ್ಚಲು ಆ ರೇಡಿಯೊಗಿಂತ ಒಳ್ಳೆಯ ಸಾಧನವಿಲ್ಲ. ಬ್ಯಾಟರಿಯಲ್ಲಿ ನಡೆಯುವ ಟ್ರಾನ್ಸಿಸ್ಟರನ್ನು ಮೀಡಿಯಂ ವೇವಿನಲ್ಲಿ ನಿಲಯವಿಲ್ಲದ ಜಾಗಕ್ಕೆ ತಿರುಗಿಸಿ, ಗೊರಗೊರ ಕೇಳುವಂತೆ ಇಟ್ಟುಕೊಂಡು ಮೇನ್ ಆಫ್ ಮಾಡಬೇಕು. ಯುಪಿಎಸ್ ಇದ್ದರೆ ಅದನ್ನೂ ಆಫ್ ಮಾಡಬೇಕು, ಇಲ್ಲದಿದ್ದರೆ ಪರೀಕ್ಷೆ ದಾರಿತಪ್ಪುತ್ತದೆ. ಸದ್ದು ನಿಂತರೆ ದೋಷ ಮನೆಯೊಳಗಿದೆ. ಆಗ ಎಂಸಿಬಿಗಳನ್ನೆಲ್ಲ ಇಳಿಸಿ, ಮೇನ್ ಆನ್ ಮಾಡಿ, ಅವನ್ನು ಒಂದೊಂದಾಗಿ ಏರಿಸುತ್ತಾ ಹೋದರೆ ಯಾವ ಸಾಲಿನಲ್ಲಿ ಸದ್ದು ಮರಳುತ್ತದೆಂದು ತಿಳಿಯುತ್ತದೆ. ಬಳಿಕ ಆ ಸಾಲಿನ ದೀಪ, ಚಾರ್ಜರ್, ಫ್ಯಾನಿನ ರೆಗ್ಯುಲೇಟರುಗಳ ಬಳಿಗೆ ರೇಡಿಯೊ ಒಯ್ಯಬೇಕು. ತಪ್ಪಿತಸ್ಥನ ಹತ್ತಿರ ಸದ್ದು ಜೋರಾಗುತ್ತದೆ, ಅದನ್ನು ಆಫ್ ಮಾಡಿದರೆ ತಟ್ಟನೆ ನಿಲ್ಲುತ್ತದೆ. ಎಷ್ಟೋ ಸಲ ಸಿಕ್ಕಿಬೀಳುವುದು ದೀಪವಲ್ಲ, ಮೂಲೆಯಲ್ಲಿ ಸದಾ ಸಿಕ್ಕಿಸಿಯೇ ಇರುವ ಮೊಬೈಲ್ ಚಾರ್ಜರ್.

ಬಲ್ಬು ಅಥವಾ ಚಾರ್ಜರ್ ಎಂದಾದರೆ ಬದಲಾಯಿಸುವುದೇ ಪರಿಹಾರ. ಹೊಸದನ್ನು ಕೊಳ್ಳುವಾಗ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿಯ ಗುರುತು ಇದೆಯೇ ಎಂದು ನೋಡಬೇಕು. ನಿಧಾನವಾಗಿ ಹೆಚ್ಚುಕಡಿಮೆ ಮಾಡುವ ಗುಂಡಿಯ ರೆಗ್ಯುಲೇಟರಿನಿಂದ ತೊಂದರೆಯಿದ್ದರೆ ಕೆಪಾಸಿಟರ್ ಬಳಸುವ ಹಂತಹಂತದ ರೆಗ್ಯುಲೇಟರ್ ಹಾಕಿಸಬಹುದು. ಮಿಕ್ಸಿ ಓಡುವಾಗ ರೇಡಿಯೊದಲ್ಲಿ ಏಳುವ ಗೊರಗೊರ ಈಚೆಗೆ ಹೆಚ್ಚಾಗಿದ್ದರೆ ಅದರ ಕಾರ್ಬನ್ ಬ್ರಷ್ ಸವೆದಿರಬಹುದು. ಸಿಎಫ್‌ಎಲ್ ದೀಪದ ಎದುರು ಟಿವಿ ರಿಮೋಟ್ ಕೆಲಸ ಮಾಡದಿದ್ದರೆ ದೀಪ ಆರಿಸಿ ಒಮ್ಮೆ ಒತ್ತಿ ನೋಡಬೇಕು. ಕೆಲವು ಸಿಎಫ್‌ಎಲ್‌ಗಳ ಬೆಳಕಿನ ಮಿಡಿತ ರಿಮೋಟಿನ ಸಂಕೇತದ ವೇಗಕ್ಕೆ ಹತ್ತಿರವಿರುತ್ತದೆ. ವೈಫೈ ನಿಧಾನವಾದರೆ ಮಾತ್ರ ದೀಪವನ್ನು ಅನುಮಾನಿಸುವ ಮೊದಲು ಮೈಕ್ರೋವೇವ್ ಒಲೆಯ ಕಡೆ ನೋಡಬೇಕು, ಅದು ದುಡಿಯುವುದು 2.4 ಗಿಗಾಹರ್ಟ್ಸ್ ವೈಫೈ ಇರುವ ಪಟ್ಟಿಯಲ್ಲೇ.

ಮನೆಯ ಕರೆಂಟೆಲ್ಲ ಆಫ್ ಆದ ಮೇಲೂ ಗೊರಗೊರ ನಿಲ್ಲದಿದ್ದರೆ ರೇಡಿಯೊ ಹಿಡಿದು ಬೀದಿಗೆ ಹೋಗಬೇಕು. ಯಾವುದಾದರೂ ಒಂದು ಕಂಬದ ಹತ್ತಿರ ಸದ್ದು ಚಟಚಟನೆ ಏರಿದರೆ ಅಲ್ಲಿ ಬಿರುಕುಬಿಟ್ಟ ಇನ್ಸುಲೇಟರ್, ಸಡಿಲ ಜೋಡಣೆ ಅಥವಾ ತಂತಿಗೆ ತಾಗುವ ಕೊಂಬೆ ಇರಬಹುದು. ಕಂಬವನ್ನಾಗಲಿ ಅದರ ಆಧಾರದ ತಂತಿಯನ್ನಾಗಲಿ ಮುಟ್ಟದೆ, ಕಂಬದ ಮೇಲೆ ಬರೆದಿರುವ ಸಂಖ್ಯೆ ಮತ್ತು ಸದ್ದು ಕೇಳಿಸುವ ಹೊತ್ತನ್ನು ಬರೆದುಕೊಂಡು 1912ಕ್ಕೆ ದೂರು ಕೊಟ್ಟು, ದೂರಿನ ಸಂಖ್ಯೆಯನ್ನು ಕೇಳಿ ಇಟ್ಟುಕೊಳ್ಳಬೇಕು.