ಹೀಟರ್‌ಗೆ ವೈರ್, ಬ್ರೇಕರ್ ಆರಿಸುವಾಗ

ಮೊದಲು ಹೀಟರ್ ಮೇಲಿನ ವ್ಯಾಟ್ ನೋಡಿ, ಅದನ್ನು ವೋಲ್ಟೇಜ್‌ನಿಂದ ಭಾಗಿಸಿ. 3000 ವ್ಯಾಟ್ ಹೀಟರ್ 230 ವೋಲ್ಟ್‌ನಲ್ಲಿ ಸುಮಾರು 13 ಆಂಪ್ ಎಳೆಯುತ್ತದೆ. ಹಾಗಂತ 13ಕ್ಕೇ ಲೆಕ್ಕ ನಿಲ್ಲಿಸಬೇಡಿ. ಹೀಟರ್ ಗಂಟೆಗಟ್ಟಲೆ ಉರಿಯುತ್ತದೆ ಅಲ್ವಾ? ಅದಕ್ಕೇ ಕಾಲು ಭಾಗ ಜಾಸ್ತಿ ಸೇರಿಸಿ. 16 ದಾಟುತ್ತದೆ, ಅಂದರೆ ಮುಂದಿನ ಸೈಜ್ ಆದ 20 ಆಂಪ್ ಬ್ರೇಕರ್ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬೇಕು. ಅದಕ್ಕೆ ನಾನಾದರೆ 4 ಚದರ ಮಿಲಿಮೀಟರ್ ತಾಮ್ರದ ವೈರನ್ನೇ ಹಾಕಿಸುತ್ತೇನೆ.

ಒಂದು ಮಾತು ಮರೆಯಬೇಡಿ. ಬ್ರೇಕರ್ ಇರುವುದು ವೈರ್ ಕಾಪಾಡಲು, ಹೀಟರ್ ಕಾಪಾಡಲು ಅಲ್ಲ. ಪದೇ ಪದೇ ಟ್ರಿಪ್ ಆಗುತ್ತಿದೆ ಎಂದು ವೈರ್ ಹಳೆಯದೇ ಇಟ್ಟು ದೊಡ್ಡ ಬ್ರೇಕರ್ ಹಾಕುವವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ. ಆಗ ಬ್ರೇಕರ್ ಸುಮ್ನೆ ಕೂತಿರುತ್ತದೆ, ಗೋಡೆಯೊಳಗೆ ವೈರ್ ಬೇಯುತ್ತಿರುತ್ತದೆ.

ಒಂದೇ ಪೈಪ್‌ನಲ್ಲಿ ಹಲವು ವೈರ್ ತುರುಕಿದ್ದರೆ ಬಿಸಿ ಹೊರಹೋಗುವುದಿಲ್ಲ, ಬೋರ್ಡ್ ದೂರವಿದ್ದರೆ ವೋಲ್ಟೇಜ್ ಇಳಿಯುತ್ತದೆ. ಎರಡಕ್ಕೂ ಒಂದು ಸೈಜ್ ದಪ್ಪದ ವೈರ್ ಬೇಕಾಗಬಹುದು. ಹೀಟರ್‌ಗೆ ಬೇರೆಯೇ ಲೈನ್ ಇರಲಿ, ಅರ್ಥಿಂಗ್ ಕಡ್ಡಾಯ. ಎಕ್ಸ್‌ಟೆನ್ಶನ್ ಬಾಕ್ಸ್ ಬೇಡವೇ ಬೇಡ.

ಸಾಕೆಟ್ ಮುಟ್ಟಿದರೆ ಬಿಸಿ ಅನಿಸಿದರೆ ಸ್ಕ್ರೂ ಸಡಿಲವಾಗಿರಬಹುದು. ಆಗಲೇ ಹೀಟರ್ ಆಫ್ ಮಾಡಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ತೋರಿಸಿ.