ಒಂದು ಕುಡಿಕೆ, ಒಂದು ನಿಂಬೆಹಣ್ಣು: ಚಿತ್ರ ಕಲಿಯಲು ಇಷ್ಟು ಸಾಕು

ರೇಖೆ, ಆಕಾರ, ಘನರೂಪ, ಛಾಯೆ, ಮೈವಳಿಕೆ, ಅವಕಾಶ, ಬಣ್ಣ. ಚಿತ್ರಕಲೆಯ ಈ ಏಳು ಮೂಲಾಂಶಗಳನ್ನು ಬಾಯಿಪಾಠ ಮಾಡಿದರೆ ಕೈ ಪಳಗುವುದಿಲ್ಲ. ಕಣ್ಣೆದುರಿನ ವಸ್ತುವಿನಲ್ಲಿ ಒಂದೊಂದನ್ನೇ ಹುಡುಕಬೇಕು.

ಮೊಸರು ಹೆಪ್ಪು ಹಾಕುವ ಮಣ್ಣಿನ ಕುಡಿಕೆಯನ್ನು ಕಿಟಕಿಯ ಪಕ್ಕದ ಮೇಜಿನ ಮೇಲಿಡಿ, ಜೊತೆಗೊಂದು ನಿಂಬೆಹಣ್ಣು. ಕೋಣೆಯ ದೀಪ ಆರಿಸಿ. ಬೆಳಕು ಒಂದೇ ಕಡೆಯಿಂದ ಬರಲಿ. ಹಿತ್ತಾಳೆಯ ಚೊಂಬು ಸದ್ಯಕ್ಕೆ ಬೇಡ. ಅದರ ಹೊಳಪಿನಲ್ಲಿ ಕಿಟಕಿ, ಗೋಡೆ, ನಿಮ್ಮ ಅಂಗಿ ಎಲ್ಲವೂ ಮೂಡಿ ಹೊಸಬರ ದಿಕ್ಕು ತಪ್ಪಿಸುತ್ತವೆ. ಎಚ್‌ಬಿ, 2ಬಿ, 6ಬಿ ಪೆನ್ಸಿಲ್‌ಗಳು, ತುಸು ಒರಟು ಕಾಗದ ಇರಲಿ. ಬಿ ಜೊತೆಗಿನ ಅಂಕಿ ಹೆಚ್ಚಿದಷ್ಟೂ ಸೀಸ ಮೆದು, ಗೆರೆ ಕಪ್ಪು.

ಮೊದಲು ಕುಡಿಕೆಯ ಅಂಚಿನ ಮೇಲೆ ಬೆರಳಾಡಿಸಿ, ಆಮೇಲೆ ಎಚ್‌ಬಿ ಹಿಡಿದು ಅದೇ ಓಟದಲ್ಲಿ ಹಗುರವಾಗಿ ರೇಖೆ ಎಳೆಯಿರಿ. ಕೂದಲಿನಂತಹ ಚೂರುಚೂರು ಗೆರೆ ಬೇಡ. ತಪ್ಪಾದರೂ ಒಂದೇ ಗೆರೆಯಿರಲಿ. ಉಡುಪಿ ಸೀಮೆಯಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರ್ (1911–1996) ಅವರ ನೃತ್ಯದ ರೇಖಾಚಿತ್ರಗಳನ್ನು ನೋಡಿದರೆ ಒಂದು ಗೆರೆಯ ತಾಕತ್ತು ತಿಳಿಯುತ್ತದೆ.

ಕುಡಿಕೆಯ ಬಾಯಿಯ ಆಕಾರದಲ್ಲಿ ಬಹುತೇಕ ಎಲ್ಲರೂ ಎಡವುತ್ತಾರೆ. ಓರೆಯಿಂದ ನೋಡಿದಾಗ ವೃತ್ತ ನಮ್ಮ ಕಣ್ಣಿಗೆ ಅಂಡಾಕಾರವಾಗಿ ಕಾಣುತ್ತದೆ, ಆದರೆ ಅದರ ಎರಡು ತುದಿಗಳು ಮಾವಿನೆಲೆಯಂತೆ ಚೂಪಾಗುವುದಿಲ್ಲ, ದುಂಡಗೆ ತಿರುಗುತ್ತವೆ. ಕುಡಿಕೆಗೂ ನಿಂಬೆಗೂ ನಡುವಿನ ಖಾಲಿ ಜಾಗಕ್ಕೂ ಒಂದು ಆಕಾರವಿದೆ. ಅದೇ ಅವಕಾಶ. ಅದನ್ನು ಸರಿಯಾಗಿ ಬರೆದರೆ ಎರಡು ವಸ್ತುಗಳೂ ತಾವಾಗಿಯೇ ತಮ್ಮ ಜಾಗದಲ್ಲಿ ಕೂರುತ್ತವೆ.

ಇಷ್ಟಾದರೂ ಕುಡಿಕೆ ಚಪ್ಪಟೆಯಾಗಿಯೇ ಇರುತ್ತದೆ. ಅದಕ್ಕೆ ಹೊಟ್ಟೆ, ಅಂದರೆ ಘನರೂಪ, ಬರುವುದು ಛಾಯೆಯಿಂದ. ನನ್ನ ಮಟ್ಟಿಗೆ ಚಿತ್ರದ ಜೀವ ಇರುವುದೇ ಇಲ್ಲಿ, ಹಾಗಾಗಿ ಅರ್ಧ ಸಮಯವನ್ನು ಇದಕ್ಕೇ ಕೊಡಿ. ಕಣ್ಣು ಕಿರಿದು ಮಾಡಿ ನೋಡಿ: ಸಣ್ಣ ವಿವರಗಳು ಮಸುಕಾಗಿ ಬೆಳಕು, ನಡುಛಾಯೆ, ನೆರಳು ಮಾತ್ರ ಉಳಿಯುತ್ತವೆ. ಬೆಳಕಿನ ಭಾಗವನ್ನು ಕಾಗದದ ಬಿಳಿಗೇ ಬಿಡಿ. 2ಬಿ ಪೆನ್ಸಿಲ್ಲನ್ನು ಓರೆಯಾಗಿ ಹಿಡಿದು, ಹೊಟ್ಟೆಯ ತಿರುವಿಗೆ ತಕ್ಕಂತೆ ಬಾಗಿಸುತ್ತ ನಡುಛಾಯೆ ತುಂಬಿ. ಇನ್ನು ನೆರಳಿನ ಬದಿಯ ಅಂಚನ್ನು ಗಮನವಿಟ್ಟು ನೋಡಿ. ಅದು ಕಡುಕಪ್ಪಲ್ಲ! ಮೇಜಿಗೆ ಬಿದ್ದ ಬೆಳಕು ಪುಟಿದು ಅಲ್ಲಿ ತೆಳುವಾದೊಂದು ಮಂಕು ಪಟ್ಟಿ ಮೂಡಿಸಿರುತ್ತದೆ. ಅದನ್ನು ಉಳಿಸಿಕೊಂಡರೆ ಕುಡಿಕೆ ಉಬ್ಬಿ ನಿಲ್ಲುತ್ತದೆ. 6ಬಿಯ ಕಡುಗಪ್ಪು, ಕುಡಿಕೆ ಮೇಜನ್ನು ಮುಟ್ಟುವ ಕಿರುಸಂದಿಗೆ ಮೀಸಲು.

ಕುತ್ತಿಗೆಯ ಸುತ್ತ ಕುಂಬಾರರ ಬೆರಳು ಉಳಿಸಿದ ಸಣ್ಣ ವರ್ತುಲಗಳಿವೆಯೇ? ಅದು ಮೈವಳಿಕೆ. ಎಲ್ಲವನ್ನೂ ಬರೆಯಬೇಡಿ, ಬೆಳಕು ನೆರಳು ಸಂಧಿಸುವಲ್ಲಿ ನಾಲ್ಕೈದು ಸಾಕು.

ಬಣ್ಣ ಕೊನೆಗೆ. ಅದರ ಅವಸರ ಬೇಡ: ಮಲೆನಾಡಿನ ಹಸೆ ಚಿತ್ತಾರದಲ್ಲಿ ಕೆಮ್ಮಣ್ಣಿನ ನೆಲೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳೇ ಗೋಡೆಯನ್ನು ಬೆಳಗುತ್ತವೆ. ನಿಂಬೆಯ ನೆರಳಿಗೆ ಹಳದಿಯೊಂದಿಗೆ ಕಪ್ಪು ಬೆರೆಸಿದರೆ ಹಸಿರು ಛಾಯೆ ಬಂದು ಹಣ್ಣು ಹಾಳಾದಂತೆ ಕಾಣುತ್ತದೆ. ಬದಲಿಗೆ ಹಳದಿಯ ಎದುರುಬಣ್ಣವಾದ ನೇರಳೆಯನ್ನು ಕುಂಚದ ತುದಿಯಷ್ಟು ಸೇರಿಸಿ.

ಕಾಗದದ ಮೂಲೆಯಲ್ಲಿ ದಿನಾಂಕ, ಗಂಟೆ ಬರೆದಿಡಿ. ಬೆಳಿಗ್ಗೆ ಬರೆದಿದ್ದರೆ, ಅದೇ ಕುಡಿಕೆಯನ್ನು ಕದಲಿಸದೆ ಸಂಜೆ ಐದಕ್ಕೆ ಮತ್ತೊಮ್ಮೆ ಬರೆಯಿರಿ.