ಪತ್ತಿನ ಸಂಘದ ರಿಪೋರ್ಟುಗಳನ್ನು ನಾವು ಬದಲಿಸಿದ್ದು ಹೀಗೆ

ಹುಬ್ಬಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ನನ್ನದು ಡಿಸೈನ್ ಕೆಲಸ. ನಮ್ಮ ಗಿರಾಕಿಗಳು ಬಹುಪಾಲು ಪತ್ತಿನ ಸಹಕಾರಿ ಸಂಘಗಳು, ಅಂದರೆ ಸದಸ್ಯರಿಂದ ಠೇವಣಿ ಪಡೆದು ಅವರಿಗೇ ಸಾಲ ಕೊಡುವ ಸಂಘಗಳು. ಧಾರವಾಡ, ಗದಗ, ಹಾವೇರಿ ಕಡೆ ಅವಕ್ಕೇನೂ ಬರವಿಲ್ಲ. ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ಸಹಕಾರಿ ಸಂಘ ಕಟ್ಟಿದ ಸೀಮೆ ಇದು. ಠೇವು (ಠೇವಣಿ), ಪಿಗ್ಮಿ (ದಿನಾ ಕಟ್ಟುವ ಸಣ್ಣ ಉಳಿತಾಯ), ಕಟಬಾಕಿ (ಅವಧಿ ಮೀರಿದ ಸಾಲದ ಬಾಕಿ) ಅಂದರೆ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ದಿನದ ಕಿರ್ದಿಯಿಂದ (ಜಮಾ-ಖರ್ಚಿನ ಪುಸ್ತಕ) ಹಿಡಿದು ವರ್ಷದ ಕೊನೆಯ ಅಢಾವೆ ಪತ್ರಿಕೆವರೆಗೆ (ಬ್ಯಾಲೆನ್ಸ್ ಶೀಟ್) ಈ ಸಂಘಗಳ ಲೆಕ್ಕವೆಲ್ಲ ನಮ್ಮ ಸಾಫ್ಟ್‌ವೇರಿನಲ್ಲೇ ಆಗುತ್ತೆ.

ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೂ ಸಪೋರ್ಟಿಗೆ ಬರುವ ಫೋನುಗಳಲ್ಲಿ ರಿಪೋರ್ಟಿನ ತಕರಾರೇ ಜಾಸ್ತಿ. "ಇದರಾಗ ಎಲ್ಲಾ ಐತ್ರಿ, ನಮಗ ಬೇಕಾದ್ದು ಸಿಗಂಗಿಲ್ಲ" ಅಂತ. ಮೆನು ತೆಗೆದರೆ ಅರವತ್ತಕ್ಕೂ ಹೆಚ್ಚು ರಿಪೋರ್ಟು. ಯಾವುದೋ ಸಂಘದವರು ಕೇಳಿದರು, ಸೇರಿಸಿದೆವು, ಹೀಗೇ ಬೆಳೆದದ್ದು. ನಮ್ಮ ಮಾಲೀಕರು ನಾಲ್ಕು ಬಣ್ಣದ ಚಾರ್ಟ್ ಹಾಕಿ ಡ್ಯಾಶ್‌ಬೋರ್ಡ್ ಮಾಡಿಬಿಡೋಣ ಅಂದರು. ಮೊದಲು ಹೋಗಿ ಅವರ ಪಕ್ಕ ಕೂತು ನೋಡಿ ಬರ್ತೀನಿ ಅಂತ ನಾನು ಹೇಳಿದೆ. ಯೂಸರ್ ರಿಸರ್ಚ್ ಅಂತ ದೊಡ್ಡ ಹೆಸರಿದ್ದರೂ ಅದರ ಮುಕ್ಕಾಲು ಪಾಲು ಇದೇ, ಪಕ್ಕ ಕೂರೋದು.

"ನಿಮಗೆ ಎಂಥ ರಿಪೋರ್ಟ್ ಬೇಕು?" ಅಂತ ಮಾತ್ರ ಕೇಳಬಾರದು. ಕೇಳಿದರೆ ಎರಡೇ ಉತ್ತರ. ಒಂದು, "ಎಲ್ಲಾ ಬೇಕ್ರಿ." ಇನ್ನೊಂದು, "ಈಗ ಇದ್ದದ್ದೇ ಚಲೋ ಐತ್ರಿ." ಅದರ ಬದಲು ನಾನು, "ಹೋದ ತಿಂಗಳ ಮೀಟಿಂಗಿಗೆ ಏನೇನು ತಯಾರಿ ಮಾಡಿದ್ರಿ, ಸ್ವಲ್ಪ ತೋರಿಸ್ರಿ" ಅನ್ನುತ್ತಿದ್ದೆ. ಆಗ ಕಪಾಟಿನಿಂದ ಫೈಲು ಹೊರಗೆ ಬರುತ್ತಿತ್ತು.

ಲಕ್ಷ್ಮೇಶ್ವರ ಕಡೆಯ ಒಂದು ಸಂಘದ ಮ್ಯಾನೇಜರ್ ಹಾಗೆ ತೆಗೆದ ಫೈಲಿನಲ್ಲಿ ನಮ್ಮ ಸಾಫ್ಟ್‌ವೇರಿನ ಪ್ರಿಂಟುಗಳ ಮೇಲೆ ಒಂದು ರೂಲ್ ಹಾಳೆ ಪಿನ್ ಮಾಡಿತ್ತು. ಕೈಬರಹ. ಷೇರು, ಠೇವು, ಸಾಲ, ಕಟಬಾಕಿ, ಬ್ಯಾಂಕ್ ಶಿಲ್ಕು (ಬ್ಯಾಂಕಿನಲ್ಲಿ ಉಳಿದ ಹಣ) ಎಂದು ಐದಾರು ಸಾಲು. ಎದುರಿಗೆ ಹೋದ ತಿಂಗಳ ಅಂಕಿ, ಈ ತಿಂಗಳ ಅಂಕಿ, ಕೊನೆಗೆ ಹೆಚ್ಚು-ಕಡಿಮೆ ಅಂತ ಒಂದು ಕಾಲಂ. ಕಟಬಾಕಿಯ ಸಾಲಿಗೆ ಮಾತ್ರ ಇನ್ನೊಂದು ಕಾಲಂ ಜಾಸ್ತಿ, ಹೋದ ವರ್ಷ ಇದೇ ತಿಂಗಳಲ್ಲಿ ಎಷ್ಟಿತ್ತು ಅಂತ.

"ಇದ್ಯಾಕ್ರಿ ಬೇರೆ?" ಅಂದೆ.

"ನಮ್ಮ ಸಾಲಗಾರರು ರೈತರು ಅದಾರಲ್ರೀ. ಬ್ಯಾಡಗಿ ಪ್ಯಾಟಿಗೆ ಮೆಣಸಿನಕಾಯಿ ಹೋಗಿ ರೊಕ್ಕ ಬಂದ್ರ ವಸೂಲಿ. ಮಾರ್ಚಿಗೂ ಅಕ್ಟೋಬರಕ್ಕೂ ಹೋಲಿಸಿದ್ರ ಡೈರೆಕ್ಟರ್ ಮಂದಿ ಸುಮ್ನ ಗಾಬರಿ ಆಗ್ತಾರ."

ನಮ್ಮ ಅಷ್ಟೊಂದು ರಿಪೋರ್ಟುಗಳಲ್ಲಿ ಇಲ್ಲದ ಎರಡು ಕಾಲಂ ಅವರ ಆ ಒಂದು ಹಾಳೆಯಲ್ಲಿದ್ದವು. ನಮ್ಮ ರಿಪೋರ್ಟು "ಈಗ ಎಷ್ಟಿದೆ" ಅಂತ ಹೇಳುತ್ತಿತ್ತು. ಮೀಟಿಂಗಿನಲ್ಲಿ ಕೇಳೋದು "ಯಾಕೆ ಬದಲಾಯಿತು" ಅಂತ. ಅಲ್ಲಿಂದ ಮುಂದೆ ಎಲ್ಲೇ ಹೋದರೂ ನನ್ನ ಕಣ್ಣು ಮೊದಲು ಹುಡುಕುತ್ತಿದ್ದದ್ದು ಪ್ರಿಂಟಿನ ಮೇಲೆ ಪೆನ್ನಿನಿಂದ ಏನು ಬರೆದಿದ್ದಾರೆ ಅನ್ನೋದನ್ನು. ರಿಪೋರ್ಟ್ ತೆಗೆದ ಮೇಲೂ ಒಬ್ಬರು ಕ್ಯಾಲ್ಕುಲೇಟರ್ ಹಿಡಿದರೆ, ಪಟ್ಟಿಯ ಅಂಚಿನಲ್ಲಿ ಫೋನ್ ನಂಬರ್ ಬರೆದುಕೊಂಡರೆ, ಅಲ್ಲಿ ನಮ್ಮ ಕೆಲಸ ಬಾಕಿ ಇದೆ ಅಂತಲೇ ಅರ್ಥ.

ಫೋನ್ ನಂಬರು ಕಟಬಾಕಿ ಪಟ್ಟಿಯ ಅಂಚಿನಲ್ಲಿ ಎಲ್ಲ ಕಡೆ ಇತ್ತು. ಸಾಲಗಾರನದ್ದಲ್ಲ, ಜಾಮೀನುದಾರನದ್ದು. ಫೋನ್ ಮೊದಲು ಹೋಗೋದೇ ಅವನಿಗೆ. ಹಾಗಾಗಿ ಈಗ ಕಟಬಾಕಿ ಅಂಕಿಯ ಮೇಲೆ ಒತ್ತಿದರೆ ಹೆಸರು, ಬಾಕಿ ಕಂತು, ಜಾಮೀನುದಾರ, ಅವರ ನಂಬರು ಒಟ್ಟಿಗೇ ಬರುತ್ತವೆ.

ಇದರಲ್ಲೇ ಇನ್ನೊಂದು ವಿಷಯ ಇತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಒಬ್ಬ ಮ್ಯಾನೇಜರ್ ಅಕ್ಕಾರು ಪಟ್ಟಿ ತೆರೆಯುವ ಮೊದಲು ಪಕ್ಕದಲ್ಲಿದ್ದ ಹುಡುಗನನ್ನು ಚಹಾ ತರಲು ಕಳಿಸಿದರು. ಇನ್ನೊಂದು ಸಂಘದಲ್ಲಿ ಮೀಟಿಂಗಿಗೆ ಕೊಡುವ ಪ್ರತಿಯಲ್ಲಿ ಹೆಸರಿನ ಕಾಲಂ ಮೇಲೆ ಪೇಪರ್ ಇಟ್ಟು ಜೆರಾಕ್ಸ್ ಮಾಡಿದ್ದರು. ಊರು ಸಣ್ಣದು. ಬಾಕಿದಾರರಲ್ಲಿ ಯಾರದ್ದೋ ಬೀಗರು ಇರಬಹುದು, ಮೇಜಿನ ಆಚೆ ಕೂತವರ ಅಣ್ಣನೇ ಇರಬಹುದು. ಹೆಸರು ಬೇಕು, ಆದರೆ ಯಾವ ಪ್ರತಿಯಲ್ಲಿ ಬೇಕು ಅನ್ನೋದು ಮ್ಯಾನೇಜರ್ ಕೈಲಿರಬೇಕು. "ಹೆಸರಿಲ್ಲದೆ ಪ್ರಿಂಟ್" ಅನ್ನೋ ಒಂದು ಬಟನ್ ಹಾಕಿದೆವು. ಇಡೀ ಬದಲಾವಣೆಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದೇ. ಸರ್ವೆ ಫಾರ್ಮ್ ಹಂಚಿದ್ದರೆ ಅದು ಸಿಗುತ್ತಲೇ ಇರಲಿಲ್ಲ.

ಬ್ಯಾಂಕ್ ಲೆಕ್ಕ ತಾಳೆ ನೋಡುವ ಕ್ಲಾರ್ಕುಗಳದು ಬೇರೆಯೇ ಪ್ರಪಂಚ. ಗದಗಿನಲ್ಲಿ ಒಬ್ಬ ಹಿರಿಯರು ಸ್ಕ್ರೀನಿನ ಮೇಲೆಯೇ ಫೂಟ್‌ಪಟ್ಟಿ ಇಟ್ಟು ಒಂದೊಂದೇ ಸಾಲು ಕೆಳಗೆ ಸರಿಸುತ್ತಿದ್ದರು. ಎಡಗೈಯಲ್ಲಿ ಪಾಸ್‌ಬುಕ್ಕು. ತಾಳೆಯಾದ ಸಾಲಿಗೆ ಪಾಸ್‌ಬುಕ್ಕಿನಲ್ಲಿ ಕೆಂಪು ಟಿಕ್. ನಡುವೆ ಕೌಂಟರಿಗೆ ಯಾರೋ ಬಂದರು. ಎದ್ದು ಹೋಗಿ ಬರುವಷ್ಟರಲ್ಲಿ ಸ್ಕ್ರೀನ್ ತಾನಾಗಿ ಲಾಕ್ ಆಗಿತ್ತು. ಮತ್ತೆ ಮೇಲಿನಿಂದ ಶುರು. ಇದನ್ನು ನೋಡಿದ ಮೇಲೆ ಸಾಲು ಎದ್ದು ಕಾಣುವಂತೆ ಬಣ್ಣ, ಪ್ರತಿ ಸಾಲಿಗೂ ಟಿಕ್, ಮರುದಿನ ತೆಗೆದರೂ ಆ ಟಿಕ್ ಹಾಗೇ ಉಳಿಯುವ ವ್ಯವಸ್ಥೆ, ಎಲ್ಲ ತಾನಾಗೇ ತೀರ್ಮಾನವಾಯಿತು.

ಅವರೇ ಒಂದು ಹಳೆಯ ಯುಕ್ತಿಯನ್ನೂ ಹೇಳಿಕೊಟ್ಟರು. "ತಮ್ಮಾ, ಫರಕು ಬಂದ್ರ ಮೊದಲು ಒಂಬತ್ತರಿಂದ ಭಾಗಿಸಿ ನೋಡು." 540 ಬರೆಯುವಲ್ಲಿ 450 ಬರೆದರೆ ಫರಕು 90. ಅಕ್ಕಪಕ್ಕದ ಅಂಕಿ ಅದಲು ಬದಲಾದರೆ ಫರಕು ಯಾವಾಗಲೂ ಒಂಬತ್ತರಿಂದ ನಿಶ್ಶೇಷ ಭಾಗವಾಗುತ್ತೆ. ಆಗದಿದ್ದರೆ ಅರ್ಧ ಮಾಡಿ ನೋಡಬೇಕು. 600 ರೂಪಾಯಿ ಜಮಾ ಬದಲು ಖರ್ಚಿಗೆ ಬಿದ್ದಿದ್ದರೆ ಫರಕು 1,200 ಇರುತ್ತೆ, ಅಲ್ವಾ? ಇವೆರಡನ್ನೂ ತಾಳೆ ಸ್ಕ್ರೀನಿಗೆ ಸೇರಿಸಿದೆವು. ಫರಕು ಬಂದಾಗ ಅನುಮಾನದ ಸಾಲುಗಳನ್ನು ಅದೇ ಮೇಲೆ ತರುತ್ತೆ. ಯಾವಾಗಲೂ ಸರಿ ಹೇಳುತ್ತೆ ಅಂತಲ್ಲ, ಹುಡುಕಾಟವಂತೂ ಕಡಿಮೆಯಾಗುತ್ತೆ.

ಅಂಕಿ ತೋರಿಸುವ ವಿಷಯದಲ್ಲಿ ಸಣ್ಣ ಸಣ್ಣ ಜಗಳಗಳು ನಡೆದವು. ಪಟ್ಟಿ ತೋರಿಸಲು ನಾವು ಬಳಸಿದ ಸಿದ್ಧ ಕೋಡು (ಟೇಬಲ್ ಲೈಬ್ರರಿ) 1,234,567 ಅಂತ ಕಾಮಾ ಹಾಕುತ್ತಿತ್ತು. ಓದುವವರು ಅಲ್ಲೇ ನಿಂತುಬಿಡುತ್ತಿದ್ದರು. ಅದು 12,34,567 ಆಗಲೇಬೇಕಿತ್ತು. ಪೈಸೆ ತೆಗೆದುಹಾಕೋಣ, ಚೊಕ್ಕ ಕಾಣುತ್ತೆ ಅಂತ ಪ್ರೋಗ್ರಾಮರ್ ಹುಡುಗರ ವಾದ. ಡೈರೆಕ್ಟರುಗಳ ಹಾಳೆಯಲ್ಲಿ ಲಕ್ಷದಲ್ಲಿ ತೋರಿಸಿ, ಬೇಡ ಅನ್ನಲ್ಲ. ತಾಳೆಪಟ್ಟಿಯಲ್ಲಿ ಪೈಸೆ ಮುಟ್ಟಬೇಡಿ ಅಂದೆ. ನಲವತ್ತು ಪೈಸೆ ಕೂಡಿಬರಲಿಲ್ಲ ಅಂತ ಮಾರ್ಚ್ ಕೊನೆಯಲ್ಲಿ ರಾತ್ರಿಯೆಲ್ಲ ಕೂತವರನ್ನು ನಾನು ನೋಡಿದ್ದೇನೆ. ಅಢಾವೆ ಪತ್ರಿಕೆಯನ್ನೂ ಕಂಪನಿಗಳ ಹಾಗೆ ಮೇಲಿಂದ ಕೆಳಗೆ ಇಳಿಸಲಿಲ್ಲ. ಎಡಕ್ಕೆ ಜವಾಬ್ದಾರಿ, ಬಲಕ್ಕೆ ಆಸ್ತಿ. ಸದಸ್ಯರ ಕೈಗೆ ಹೋಗುವ ವಾರ್ಷಿಕ ವರದಿಯ ಪುಸ್ತಕ ಹಾಗಿರುತ್ತೆ, ಕಣ್ಣು ಹಾಗೇ ಒಗ್ಗಿದೆ.

ಹೊಸ ಸ್ಕ್ರೀನುಗಳನ್ನು ಮೊದಲು ಕಾಗದದ ಮೇಲೆ ಬರೆದು ತೋರಿಸಿದೆ. ಅದರಲ್ಲಿ 1,000, 2,000 ಅಂತ ಸುಳ್ಳು ಅಂಕಿ ಹಾಕಿದರೆ ಉಪಯೋಗವಿಲ್ಲ. ಅದೇ ಸಂಘದ ಅಚ್ಚಾದ ವಾರ್ಷಿಕ ವರದಿಯ ಅಂಕಿಗಳನ್ನು ಹಾಕಿದಾಗ ನಿಜವಾಗಿ ಓದುತ್ತಿದ್ದರು, ತಪ್ಪೂ ಹಿಡಿಯುತ್ತಿದ್ದರು. "ಹೆಂಗೈತ್ರಿ?" ಅಂತಲೂ ಕೇಳಬಾರದು. ಮಿರ್ಚಿ-ಗಿರ್ಮಿಟ್ ತರಿಸಿ ಕೂರಿಸಿಕೊಂಡ ಅತಿಥಿಗೆ ಯಾರು ತಾನೇ ಕೆಟ್ಟದ್ದು ಅಂತಾರೆ? "ಚಂದ ಐತ್ರಿ" ಅಂತಾರೆ. ನಮ್ಮ ಮಾಲೀಕರ ಬಣ್ಣದ ಚಾರ್ಟಿಗೂ ಚಂದ ಅಂದರು. ಆಮೇಲೆ ನಾನು, "ಈಗ ಅಧ್ಯಕ್ಷರು ಫೋನ್ ಮಾಡಿ ಬಂಗಾರದ ಸಾಲ ಎಷ್ಟು ಏರೇತಿ ಅಂತ ಕೇಳಿದ್ರು ಅಂತ ತಿಳ್ಕೊಳ್ರಿ" ಅಂದು ಸುಮ್ಮನೆ ಕೂತೆ. ಒಬ್ಬರ ಬೆರಳೂ ಆ ಚಾರ್ಟಿನ ಹತ್ತಿರ ಹೋಗಲಿಲ್ಲ. ಅದನ್ನು ವಿಡಿಯೋ ಮಾಡಿಕೊಂಡಿದ್ದೆ. ಆ ವಿಡಿಯೋ ತೋರಿಸಿದ ಮೇಲೆ ಮಾಲೀಕರು ಚಾರ್ಟಿನ ಮಾತು ಬಿಟ್ಟರು.

ಐದು ಜನರಿಂದ ಪರೀಕ್ಷೆ ಮಾಡಿಸಿದರೆ ಸುಮಾರು 85% ತೊಡಕು ಗೊತ್ತಾಗುತ್ತವೆ ಅಂತ ಬಳಕೆಯ ಸುಲಭತೆಯ ಪರಿಣತ ಜಾಕೋಬ್ ನೀಲ್ಸನ್ 2000ರಲ್ಲಿ ಬರೆದದ್ದು ಈ ವೃತ್ತಿಯಲ್ಲಿ ಎಲ್ಲರ ಬಾಯಲ್ಲೂ ಇದೆ. ಬಳಸುವವರು ಬೇರೆ ಬೇರೆ ಥರ ಇದ್ದರೆ ಪ್ರತಿ ಗುಂಪಿನಿಂದಲೂ ಮೂರು-ನಾಲ್ಕು ಜನ ಬೇಕು ಅಂತ ಅವರೇ ಹೇಳಿದ್ದನ್ನು ಮಾತ್ರ ಮರೆಯುತ್ತಾರೆ. ಮ್ಯಾನೇಜರ್, ಕ್ಲಾರ್ಕ್, ಆಡಿಟರ್, ಡೈರೆಕ್ಟರ್ ಒಂದೇ ಕಾಗದವನ್ನು ಬೇರೆ ಬೇರೆ ಕಾರಣಕ್ಕೆ ನೋಡುತ್ತಾರೆ. ಬರೀ ಮ್ಯಾನೇಜರುಗಳನ್ನೇ ಕೇಳಿದ್ದರೆ ಫೂಟ್‌ಪಟ್ಟಿ ನಮಗೆ ಕಾಣುತ್ತಿರಲಿಲ್ಲ.

ಕೊನೆಗೆ ಮೆನುವನ್ನು ಕೇಳುವವರ ಪ್ರಕಾರ ಜೋಡಿಸಿದೆವು. ಇವತ್ತಿನ ಸಂಜೆ, ಆಡಳಿತ ಮಂಡಳಿ ಸಭೆ, ಆಡಿಟ್, ಮಹಾಸಭೆ. ಸಂಜೆ ಅಂದರೆ ಕಿರ್ದಿ, ಕೈಶಿಲ್ಕು, ಪಿಗ್ಮಿ ಜಮಾ. ಮಹಾಸಭೆಯಲ್ಲಿ ಸದಸ್ಯರು ಕೇಳೋದು ಡಿವಿಡೆಂಡ್ ಯಾಕೆ ಇಷ್ಟೇ ಅಂತ. ಹಾಗಾಗಿ ಅಲ್ಲಿ ಲಾಭ ಹಂಚಿಕೆಯೇ ಮೊದಲ ಪುಟ. ನಿವ್ವಳ ಲಾಭದ ಕನಿಷ್ಠ 25% ಕಾಯ್ದಿಟ್ಟ ನಿಧಿಗೆ ಹೋಗಬೇಕು ಅನ್ನೋ ಲೆಕ್ಕ ಮೊದಲ ಸಾಲಿನಲ್ಲೇ ಕಾಣುತ್ತೆ. ಹಳೆಯ ರಿಪೋರ್ಟ್ ನಂಬರುಗಳನ್ನು ಮಾತ್ರ ತೆಗೆಯಲಿಲ್ಲ. "47 ತಗಿ, 12 ತಗಿ" ಅಂತ ಬಾಯಿಪಾಠ ಇರುವವರು ಈಗಲೂ ಆ ನಂಬರ್ ಒತ್ತಿದರೆ ಅದೇ ರಿಪೋರ್ಟ್ ಬರುತ್ತೆ. ಹೊಸತು ಚಂದ ಮಾಡುವ ಹುಮ್ಮಸ್ಸಿನಲ್ಲಿ ಜನರ ಬೆರಳಿನ ರೂಢಿ ಕಿತ್ತುಕೊಳ್ಳುವ ಡಿಸೈನರುಗಳ ಮೇಲೆ ನನಗೆ ಸ್ವಲ್ಪ ಸಿಟ್ಟೇ ಇದೆ.

ಈಗ ರಿಪೋರ್ಟಿನ ಫೋನುಗಳು ಕಡಿಮೆಯಾಗಿವೆ. ಬರುವ ಪ್ರಶ್ನೆಗಳೂ ಬೇರೆ. ಸಭೆಯ ಹಾಳೆ ಡೈರೆಕ್ಟರುಗಳ ವಾಟ್ಸಾಪಿಗೇ ಹೋಗಬೇಕು, ಅಕ್ಷರ ದೊಡ್ಡದಿರಬೇಕು, ಒಂದೇ ಪುಟ ಇರಬೇಕು ಅನ್ನೋದು ಹೊಸ ಬೇಡಿಕೆ. ಮಾಡಬಹುದು. ಆದರೆ ಹೆಸರಿಲ್ಲದ ಪ್ರತಿ ಮಾತ್ರ ಹೋಗಬೇಕು ಅಂತ ನಾನು ಹಟ ಹಿಡಿದಿದ್ದೇನೆ. ಪ್ರೋಗ್ರಾಮರುಗಳು ಅದನ್ನು ಮ್ಯಾನೇಜರ್ ಇಷ್ಟಕ್ಕೆ ಬಿಡೋಣ ಅನ್ನುತ್ತಿದ್ದಾರೆ. ಅದಿನ್ನೂ ತೀರ್ಮಾನವಾಗಿಲ್ಲ.